ಬೆಟ್ಟದ ಮೇಲೆ ಓಟ

ನಿಯಮವನ್ನು ನಾನು ಎಷ್ಟು ಬಿಗಿಯಾಗಿ ಬರೆಯುತ್ತೇನೋ ಅಷ್ಟೇ ಸಲೀಸಾಗಿ ಅದು ನನ್ನ ತಲೆಯ ಮೇಲೇ ಬಂದು ಬೀಳುತ್ತದೆ. ಅರವತ್ತರ ದಶಕದಲ್ಲಿ ಕೆ.ಜಿ.ಎಫ್.ನ ಒಂದು ಕ್ರೀಡಾ ಸಂಘಕ್ಕೆ ನಾನು ಕಾರ್ಯದರ್ಶಿ. ನೆಲದಡಿಯ ಕತ್ತಲಲ್ಲಿ ದುಡಿಯುವವರು ವರ್ಷಕ್ಕೊಂದು ದಿನವಾದರೂ ಬೆಟ್ಟದ ಗಾಳಿ ಕುಡಿಯಲಿ ಎಂದು ಹಟ ಹಿಡಿದು ಓಟದ ಸ್ಪರ್ಧೆ ಆರಂಭಿಸಿದೆ. ಕ್ಯಾಸಂಬಳ್ಳಿಯ ಆಚೆ, ಕಾಡುದಾರಿ ಹಿಡಿದು, ಕಡಿದಾದ ಬೆಟ್ಟದ ಬೆನ್ನೇರಿ, ತುದಿ ಮುಟ್ಟಿ ಇಳಿದು ಬರಬೇಕು; ಮೊದಲು ಬಂದವರಿಗೆ ಬೆಳ್ಳಿಯ ಕಪ್ಪು.

"ವಾರವೆಲ್ಲ ಪಾತಾಳಕ್ಕೆ ಇಳಿಸ್ತಾರೆ, ಭಾನುವಾರ ನೀವು ಆಕಾಶಕ್ಕೆ ಹತ್ತಿಸ್ತೀರಾ ಸಾರ್?" ಎಂದ ನಂದಿದುರ್ಗ ಗಣಿಯ ಒಬ್ಬ ಕೆಲಸಗಾರ. ಅಶಿಸ್ತು ಎಂದು ಬರೆದುಕೊಂಡೆ.

೧. ಕಪ್ಪು

ಮೊದಲ ವರ್ಷ ಎಲ್ಲರಿಗಿಂತ ಮುಂದಿದ್ದವನು ಬರಲೇ ಇಲ್ಲ. ಹುಡುಕಿ ಹೋದರೆ, ಬೆಟ್ಟದ ಬುಡದ ಹಳ್ಳಿಯವರು ಅವನನ್ನು ಹುಣಸೆ ಮರಕ್ಕೆ ಕಟ್ಟಿದ್ದಾರೆ. ಚಡ್ಡಿಯಲ್ಲಿ ಕಾಡಿನಿಂದ ಓಡಿ ಬಂದವನು ಕಳ್ಳನಲ್ಲದೆ ಇನ್ಯಾರು?

"ಯಾಕ್ಲಾ ಓಡ್ತಿದ್ದೆ ಅಂದ್ರೆ, ಕಪ್ಪಿಗೆ ಅಂತಾನೆ ಸೋಮಿ," ಎಂದರು ಊರ ಗೌಡರು.

"ನಿಜವನ್ನೇ ಹೇಳಿದ್ದಾನೆ. ಕಪ್ಪು ನಮ್ಮದು."

"ಓ, ಮಾಲು ನಿಮ್ದಾ? ಅಂಗಾರೆ ಸಾಸರು ಎಲ್ಲಿ ಮಡಗವ್ನೆ ಅಂತ ನೀವೇ ಕೇಳಿ."

೨. ನಾಲ್ಕನೇ ನಂಬರು

ಎರಡನೇ ವರ್ಷ ಒಬ್ಬನನ್ನು ಬಿಟ್ಟು ಎಲ್ಲರೂ ಬಲು ಬೇಗ ಬಂದರು. ಮೈಯಲ್ಲಿ ಒಂದು ಹನಿ ಬೆವರಿಲ್ಲ. ತುದಿಯಲ್ಲಿ ಏನಿದೆ ಎಂದರೆ ಒಬ್ಬ ಗುಡಿ ಎಂದ, ಒಬ್ಬ ಕೊಳ ಎಂದ. ಇರುವುದು ಬರೀ ಬಂಡೆ.

"ನಾಲ್ಕನೇ ನಂಬರೆಲ್ಲಿ?"

"ಓಟದಾಗಿಲ್ಲ ಸಾರ್, ಓಟ್ಲಾಗವ್ನೆ," ಎಂದ ನಮ್ಮ ಪ್ಯೂನ್.

ಹೋಟೆಲಿಗೇ ಹೋಗಿ ಹಿಡಿದೆ. ಅವನು ಲೋಟ ಕೆಳಗಿಡದೆ, "ಅವ್ರೆಲ್ಲ ಒಂದೇ ಟೀಗೆ ಎದ್ದೋದ್ರು ಸಾರ್. ನಂದು ಎರಡ್ನೇದು," ಎಂದ.

ಸಂಘದ ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿದರು: "ಮುಂದಿನ ಸಲ ಒಬ್ಬನಾದರೂ ನೆಟ್ಟಗೆ ಓಡಿ ಗೆಲ್ಲದಿದ್ದರೆ ಈ ಓಟ ಬಂದ್."

೩. ಶಾಯಿ

ಆಗ ತಾನೇ ಚುನಾವಣೆ ಮುಗಿದಿತ್ತು. ಅದರಿಂದಲೇ ನನಗೆ ಉಪಾಯ ಹೊಳೆಯಿತು. ಪ್ಯೂನನಿಗೆ ಶಾಯಿ ಕೊಟ್ಟು ತುದಿಯಲ್ಲಿ ಕೂರಿಸಿದೆ. "ಹತ್ತಿ ಬಂದವರ ಬೆರಳಿಗೆ ಗುರುತು ಹಾಕು. ಮುಖ ನೋಡಬೇಡ." ಓಟಗಾರರಿಗೆ, "ನುಗ್ಗಕೂಡದು. ಸಾಲಿನಲ್ಲಿ ನಿಲ್ಲಬೇಕು." ನಿಯಮವನ್ನೂ ನಾನೇ ಬರೆದೆ: ಯಾರೇ ಆಗಲಿ, ಗುರುತಿನ ಬೆರಳಿನೊಡನೆ ಕೆಳಗಿನ ಹಗ್ಗವನ್ನು ಮೊದಲು ಮುಟ್ಟಿದವರಿಗೆ ಕಪ್ಪು. ಹಳ್ಳಿಯವರು ಮತ್ತೆ ಯಾರನ್ನೂ ಮರಕ್ಕೆ ಕಟ್ಟದಿರಲೆಂದು ಡಂಗುರವನ್ನೂ ಹೊಡೆಸಿದೆ: "ಭಾನುವಾರ ಬೆಟ್ಟದ ಮೇಲೆ ಓಟ!"

ಭಾನುವಾರ ಎರಡು ಗಂಟೆ ಕಾದೆವು. ಒಬ್ಬನೂ ಇಳಿಯಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು, ಉಸ್ಸೆಂದು ಹಗ್ಗ ಹಿಡಿದು ಕೂತಳು. ಬೆರಳಲ್ಲಿ ಶಾಯಿ!

"ಅಜ್ಜೀ, ಇದೇನು?"

"ಓಟು ಆಕಿ ಬಂದೆ ಕಣಪ್ಪ. ಡಂಗುರ ಒಡ್ಸಿದ್ರಲ್ಲ! ಮೊನ್ನೆ ಆಕಿದ್ದು ಸಾಲ್ದೂಂತ ಬೆಟ್ಟ ಬೇರೆ ಅತ್ತಿಸ್ತೀರಾ? ಚೀಟಿನೂ ಇಲ್ಲ, ಪೆಟ್ಟಿಗೆನೂ ಇಲ್ಲ. ಮನಸ್ನಾಗೇ ಆಕ್ದೆ. ಊರಿಗ್ ಊರೇ ಮೇಲೈತೆ."

"ನಮ್ಮ ಓಟಗಾರರು?"

"ಆ ಚಡ್ಡಿಯೋರಾ? ಬಾಳ ಒಳ್ಳೇರಪ್ಪ. ಒಬ್ರೂ ನುಗ್ಗಲಿಲ್ಲ. ಸಾಲಿನ ಕೊನೇಗೆ ನಿಂತವ್ರೆ."

ಅಧ್ಯಕ್ಷರು ನನ್ನ ಕೈಬರಹದ ನಿಯಮವನ್ನು ಎರಡು ಸಲ ಓದಿ, "ಕಪ್ಪು ಅಜ್ಜಿಗೆ ಕೊಡಿ. ಓಟ ಇಲ್ಲಿಗೆ ಮುಗಿಯಿತು," ಎಂದರು. ಮೂರು ವರ್ಷಗಳಲ್ಲಿ ನಿಯಮ ಮುರಿಯದೆ ಗೆದ್ದವಳು ಆಕೆ ಒಬ್ಬಳೇ. ಅಭಿನಂದನೆ ಹೇಳಿ ಬೆಳ್ಳಿಯ ಕಪ್ಪನ್ನು ಮುಂದೆ ಹಿಡಿದೆ.

ಅಜ್ಜಿ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡಪ್ಪೋ! ಬೆಳ್ಳಿ ಕೊಟ್ರೂ ಯಾರಿಗಾಕ್ದೆ ಅಂತ ಯೋಳಾಕಿಲ್ಲ!"