ಬಲಗಾಲಿನ ಬೋರ್ಡು ಅಳಿಸಿರುವ ಬಗ್ಗೆ

ಇಂದ:
ಬೋರ್ಡ್ ಬರೆಯುವವರು,
ಹಾಸಿಗೆ ಹನ್ನೊಂದು, ಮೂಳೆ ವಿಭಾಗ.

ಗೆ:
ಮುಖ್ಯ ಶಸ್ತ್ರವೈದ್ಯರು,
ಅದೇ ವಿಭಾಗ, ನಾಮಫಲಕ ಎಡಕ್ಕೆ ವಾಲಿರುವ ಕೊಠಡಿ.

ವಿಷಯ: ಎಡ ಮೊಣಕಾಲಿನ ಎರಡು ಲಿಗಮೆಂಟ್‌ಗಳನ್ನು ಒಟ್ಟಿಗೆ ಸರಿಪಡಿಸುವ ಆಪರೇಷನ್ನಿನ ಪಟ್ಟಿಗೆ ಅರ್ಜಿದಾರನನ್ನು ಮರಳಿ ಸೇರಿಸುವ ಬಗ್ಗೆ.

ಉಲ್ಲೇಖ: ಕಳೆದ ಸೋಮವಾರ ಆಪರೇಷನ್ ಥಿಯೇಟರಿನಲ್ಲಿ ತಾವು ಗೋಡೆ ಹಿಡಿದುಕೊಂಡು ನಕ್ಕಿದ್ದು.

ಮಾನ್ಯರೇ,

1. ಅರ್ಜಿದಾರನ ಹೆಂಡತಿ ತನ್ನ ಹೊಲಿಗೆ ಅಂಗಡಿಯ ಬೋರ್ಡನ್ನು ತಾನೇ ಬರೆದಿದ್ದಳು. ಅಕ್ಷರಗಳು ಸೊಟ್ಟಗಿದ್ದ ಕಾರಣ ಅರ್ಜಿದಾರನು ತಿದ್ದಲು ಏಣಿ ಹತ್ತಿದನು. ಹದಿನೇಳು ವರ್ಷಗಳಿಂದ ಅವನ ಏಣಿ ಹಿಡಿಯುತ್ತಿದ್ದವಳು, "ನಾನು ಬರೆದಿದ್ದನ್ನ ತಿದ್ದೋಕೂ ನಾನೇ ಏಣಿ ಹಿಡೀಬೇಕಾ?" ಎಂದು ಒಳಗೆ ಹೋದಳು.

2. ತಿದ್ದಿದ ಅಕ್ಷರಗಳು ಬಹಳ ಚೆನ್ನಾಗಿ ಬಂದವು. ಆದ್ದರಿಂದ ಅರ್ಜಿದಾರನು ಕಣ್ತುಂಬ ನೋಡಲೆಂದು ಎರಡು ಹೆಜ್ಜೆ ಹಿಂದೆ ಸರಿದನು. ಏಣಿಯ ಮೇಲಿರುವುದು ಮರೆತುಹೋಗಿತ್ತು. ಎಡಪಾದ ಮೆಟ್ಟಿಲಲ್ಲೇ ಸಿಕ್ಕಿಕೊಂಡಿತು, ಉಳಿದ ದೇಹ ಕೆಳಗೆ ಬಂದಿತು.

3. ಹತ್ತನೇ ಹಾಸಿಗೆಯವರು, "ಅವಸರದಲ್ಲಿ ಸರಿಯಿರೋ ಕಾಲನ್ನೇ ಕೊಯ್ದುಬಿಡ್ತಾರಂತೆ" ಎಂದು ಕಿವಿಯೂದಿದ ಕಾರಣ, ಅರ್ಜಿದಾರನು ಆಪರೇಷನ್ನಿನ ಹಿಂದಿನ ರಾತ್ರಿ ಬಲ ಮೊಣಕಾಲಿನಿಂದ ತೊಡೆಯವರೆಗೆ "ಈ ಕಾಲು ಸರಿಯಿದೆ, ಮುಟ್ಟಬಾರದು" ಎಂದು ಕೆಂಪು ಎನಾಮೆಲ್ ಬಣ್ಣದಲ್ಲಿ, ಕಪ್ಪು ನೆರಳು ಕೊಟ್ಟು ಬರೆದನು. ಜಾಗ ಮಿಕ್ಕಿದ್ದರಿಂದ ಒಂದು ಹೂಬಳ್ಳಿಯನ್ನೂ ಹಬ್ಬಿಸಿದನು.

4. ಥಿಯೇಟರಿನಲ್ಲಿ ಅದನ್ನು ಓದಿದ ತಾವು ನಗು ಮುಗಿಸಿ, "ಹರಿದಿರೋದು ಎರಡು ಲಿಗಮೆಂಟು ಕಣ್ರೀ. ಎಡಗಾಲಿನದೇ ಸ್ನಾಯುರಜ್ಜು ತೆಗೆದು ಕಟ್ಟಿದ್ರೆ ಒಂದಕ್ಕಾಗುತ್ತೆ. ಇನ್ನೊಂದಕ್ಕೆ ಬಲಗಾಲಿಂದಲೇ ತಗೋಬೇಕು. ನೀವೇ ಬೇಡ ಅಂತ ಬರೆದ ಮೇಲೆ ಹೇಗೆ ಮುಟ್ಟಲಿ? ಬಣ್ಣ ಹೋಗಲಿ, ಆಮೇಲೆ ನೋಡೋಣ" ಎಂದು ಹೆಸರು ಹೊಡೆದುಹಾಕಿದಿರಿ. ಹೊರಗೆ ಕಾಯುತ್ತಿದ್ದ ಹೆಂಡತಿ ಮಾತ್ರ ಇದನ್ನು ಕೇಳಿ ನಗಲಿಲ್ಲ. "ಕೊಡೋ ಕಾಲಿಗೇ ಬೀಗ ಹಾಕ್ಕೊಂಡ್ರಲ್ಲ" ಎಂದಳು.

5. ಮೂರು ವಾರದೊಳಗೆ ಆಪರೇಷನ್ ಆದರೆ ಒಳ್ಳೆಯದೆಂದು ತಾವೇ ಹೇಳಿದ್ದಿರಿ. ಬಿದ್ದು ಇಂದಿಗೆ ಹದಿನಾರು ದಿನ. ಏಣಿ ಹತ್ತಲಾಗದ ಬೋರ್ಡ್ ಬರಹಗಾರನು ಬಾಗಿಲ ನಂಬರುಗಳನ್ನು ಬರೆದುಕೊಂಡು ಬದುಕಬೇಕಾಗುತ್ತದೆ. ಅರ್ಜಿದಾರನಿಗೆ ಇದೇ ಭಯ.

6. ಹೆಂಡತಿಯು ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿದ ಕಾರಣ ಬಣ್ಣ ಪೂರ್ತಿ ಹೋಗಿದೆ. ಹೂಬಳ್ಳಿ ಹೋಗುವಾಗ ಮಾತ್ರ ಅರ್ಜಿದಾರನು ಆ ಕಡೆ ತಿರುಗಿಕೊಂಡಿದ್ದನು.

ಆದ್ದರಿಂದ ಈ ಗುರುವಾರದ ಪಟ್ಟಿಗೆ ಅರ್ಜಿದಾರನನ್ನು ಸೇರಿಸಬೇಕಾಗಿ, ಗುಣವಾದ ಮೇಲೆ ತಮ್ಮ ನಾಮಫಲಕವನ್ನು ನೆಟ್ಟಗೆ ಮಾಡಿಕೊಡಲಾಗುವುದೆಂದು ತಿಳಿಯಬೇಕಾಗಿ ಪ್ರಾರ್ಥನೆ.

ತಮ್ಮ ಕತ್ತರಿಯಲ್ಲಿ ವಿಶ್ವಾಸವಿಟ್ಟಿರುವ,
ಹಾಸಿಗೆ ಹನ್ನೊಂದು

ಲಗತ್ತುಗಳು:
ಅ) ಎಡ ಮೊಣಕಾಲಿನ ಸ್ಕ್ಯಾನ್.
ಆ) ಎಣ್ಣೆ ಬಟ್ಟೆ, ಸಾಕ್ಷಿಗಾಗಿ.
ಇ) ಬಲಗಾಲು, ಖುದ್ದು. ಇದರ ಮೇಲೆ ಈಗ ತೊಳೆದರೆ ಹೋಗುವ ಶಾಯಿಯಲ್ಲಿ "ಬೇಕಾದಷ್ಟು ತಗೊಳ್ಳಿ, ಏಣಿ ನಾನು ಹಿಡೀತೀನಿ" ಎಂದಿದೆ. ಬರೆದವಳು ಹೆಂಡತಿ. ಅಕ್ಷರಗಳು ಸೊಟ್ಟಗಿವೆ. ಅರ್ಜಿದಾರನು ತಿದ್ದಿಲ್ಲ. ಔಷಧಿಯಿಂದ ಒರೆಸುವ ಮುನ್ನ ತಾವು ಒಮ್ಮೆ ಓದಿಕೊಳ್ಳಬೇಕಾಗಿ ವಿನಂತಿ.