ಎರಡನೇ ಕರೆಗೆ ಕೋರಂ ಇದೆ

ಸಾಂತಾ ರೀಟಾ ಉಪ್ಪು ಉತ್ಪಾದಕರ ಸಹಕಾರ ಸಂಘದ ವ್ಯಾಪ್ತಿಗೆ ಬರುವ ನಮ್ಮ ಊರಿನಲ್ಲಿ ಫುಟ್‌ಬಾಲ್ ತಿಳಿಯದವರು ಒಬ್ಬರೇ ಒಬ್ಬರು ಇದ್ದರು; ಅವರನ್ನೇ ಸಂಘವು ತಂಡದ ಕೋಚ್ ಆಗಿ ನೇಮಿಸಿಕೊಂಡಿತ್ತು. ನೇಮಕವಾಗುವ ದಿನದವರೆಗೆ ಅವರಿಗೂ ತಿಳಿದಿತ್ತು, ಆಮೇಲೆ ಹೋಯಿತು ಎಂದು ಹಳಬರು ಹೇಳುತ್ತಾರೆ. ಉಳಿದ ನಾವೆಲ್ಲ, ಅಂದರೆ ಉಪ್ಪಿನ ಗದ್ದೆಯವರು, ಮೀನಿನವರು, ಪಾದ್ರಿಗಳು, ಸೂಲಗಿತ್ತಿ ಸಹ, ತಂಡ ಆರಿಸುವ ವಿದ್ಯೆಯನ್ನು ಹುಟ್ಟುವಾಗಲೇ ಕಲಿತು ಬಂದವರು. ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ, ಅಷ್ಟೇ.

ಕೋಚ್ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಆದ್ದರಿಂದ ಊರೆಲ್ಲ ಅವರನ್ನು ಪ್ರೊಫೆ ಎಂದೇ ಕರೆಯುತ್ತಿತ್ತು, ಬೈಯುವಾಗಲೂ ಪ್ರೊಫೆ ಎಂದು ಗೌರವದಿಂದಲೇ ಬೈಯುತ್ತಿತ್ತು. ಬೈಗುಳಕ್ಕೆ ನಿಗದಿಯಾದ ಸ್ಥಳ ಕಾಸ್ತುಲೊನ ಕ್ಷೌರದಂಗಡಿ, ದಿನ ಸೋಮವಾರ. ಅಲ್ಲಿ ಮುಖ್ಯ ಕುರ್ಚಿ ದೋನ್ ಫಿಲೆಮೋನ್ ಅವರದು. ಅವರ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲವಾದರೂ ಸಂಘದ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾದ್ದರಿಂದ ಆ ಕುರ್ಚಿಯಿಂದ ಅವರನ್ನು ಎಬ್ಬಿಸುವಂತಿರಲಿಲ್ಲ. ಪ್ರಾಯದಲ್ಲಿ ದೊಡ್ಡ ಕ್ಲಬ್ಬೊಂದು ಅವರನ್ನು ಪರೀಕ್ಷೆಗೆ ಕರೆದಿತ್ತಂತೆ. ಗ್ವಾದಲಹಾರಾಕ್ಕೆ ಹೊರಟ ಬಸ್ಸು ಅರ್ಧ ದಾರಿಯಲ್ಲಿ ಕೆಡದೆ ಇದ್ದಿದ್ದರೆ ಮೆಕ್ಸಿಕೊ ದೇಶದ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂಬುದು ನಮ್ಮೂರಲ್ಲಿ ಎಲ್ಲರೂ ಒಪ್ಪಿದ ವಿಷಯ.

ಕಾಸ್ತುಲೊ ಸೆಂಟರ್ ಫಾರ್ವರ್ಡ್ ಸರಿಯಿಲ್ಲ ಎನ್ನುತ್ತಿದ್ದ. ಪಾದ್ರಿಗಳು ಗೋಲ್‌ಕೀಪರನ ನಡತೆಯನ್ನು ಪ್ರಶ್ನಿಸುತ್ತಿದ್ದರು. ದೋನ್ ಫಿಲೆಮೋನ್ ಎಲ್ಲರ ವಾದ ಮುಗಿಯುವವರೆಗೆ ಕಾದು, ಟವೆಲಿನಿಂದ ಮುಖ ಒರೆಸಿಕೊಂಡು ತೀರ್ಪು ಹೇಳುತ್ತಿದ್ದರು.

"ರೋಗ ಬಲಗಡೆ ಬ್ಯಾಕಿನಲ್ಲಿದೆ ಕೊಂಪಾದ್ರೆ ಕಾಸ್ತುಲೊ. ಅವನಿಗಿಂತ ಮೂಲೇಲಿ ನೆಟ್ಟಿರೋ ಬಾವುಟ ವಾಸಿ. ಗಾಳಿ ಬೀಸಿದ್ರೆ ಅದಾದ್ರೂ ಅಲ್ಲಾಡುತ್ತೆ."

ಅಂಗಡಿ ನಗುತ್ತಿತ್ತು. ಬಲಗಡೆ ಬ್ಯಾಕ್ ನಾಬೊರ್ ಎಂಬುದು ಎಲ್ಲರಿಗೂ ಗೊತ್ತು. ನಾಬೊರ್ ದೋನ್ ಫಿಲೆಮೋನ್ ಅವರ ಅಳಿಯ ಎಂಬುದೂ ಗೊತ್ತು. ಹೆಂಡತಿ ತೀರಿಕೊಂಡ ಮೇಲೆ ಅವರು ಮಗಳು ರೊಸೆಂಡಾಳ ಮನೆಯಲ್ಲೇ ಇದ್ದರು, ಅವಳ ಕೈಯಡುಗೆಯನ್ನೇ ಉಣ್ಣುತ್ತಿದ್ದರು. ಸಂಜೆ ಅದೇ ಬಾಯಿ ಅಳಿಯನಿಗೆ ಹೇಳುತ್ತಿತ್ತು, ಚೆನ್ನಾಗಿ ಆಡ್ದೆ ಕಣಪ್ಪ, ಆ ಪ್ರೊಫೆಗೆ ನಿನ್ನನ್ನ ಉಪಯೋಗಿಸಿಕೊಳ್ಳೋಕೆ ಬರಲ್ಲ, ಅಂತ. ನಾಬೊರ್ ತಲೆ ತಗ್ಗಿಸಿ ಉಣ್ಣುತ್ತಿದ್ದ. ಹೀಗೆ ಆರು ವರ್ಷ ಸುಖವಾಗಿ ಕಳೆಯಿತು.

ಒಂದು ಸೋಮವಾರ ಪ್ರೊಫೆ ಸ್ವತಃ ಕ್ಷೌರಕ್ಕೆ ಬಂದು ಕೂತರು. ಅವರ ತಲೆಯ ಮೇಲೆ ಕತ್ತರಿಯೂ ಚರ್ಚೆಯೂ ಏಕಕಾಲಕ್ಕೆ ಓಡಾಡಿದವು. ಕ್ಷೌರ ಮುಗಿದ ಮೇಲೆ ಅವರು ಎದ್ದು ನಿಂತು, ಸಂಘದ ನಿಯಮಾವಳಿಯಲ್ಲಿ ಒಂದು ಕಲಮು ಇದೆಯಲ್ಲ ಎಂದು ನೆನಪಿಸಿದರು. ಸಂಘದ ಆಸ್ತಿಯಾದ ಗದ್ದೆ, ಪಂಪು, ಲಾರಿ, ಚೆಂಡು ಹಾಗೂ ಆಟಗಾರರನ್ನು ಎಲ್ಲಿ ಹೇಗೆ ಬಳಸಬೇಕೆಂಬುದನ್ನು ಸರ್ವಸದಸ್ಯರ ಸಭೆಯೇ ಕೈ ಎತ್ತಿ ತೀರ್ಮಾನಿಸತಕ್ಕದ್ದು. ಇಷ್ಟು ವರ್ಷ ತಾವು ಆ ಕಲಮನ್ನು ಉಲ್ಲಂಘಿಸಿದ್ದಕ್ಕೆ ಕ್ಷಮೆ ಕೇಳಿದರು.

"ಇನ್ಮೇಲೆ ತಂಡ ನೀವೇ ಆರಿಸಿ. ನಾನು ಬರೀ ನೌಕರ."

ಊರಿಗೆ ಊರೇ ಹಿಗ್ಗಿತು. ಪಾದ್ರಿಗಳು ಗಂಟೆ ಬಾರಿಸಿದರು. ದೋನ್ ಫಿಲೆಮೋನ್ ಮಾತ್ರ ಯಾಕೋ ಟವೆಲನ್ನು ಎರಡು ಸಲ ಮಡಚಿದರು.

ಇಲ್ಲಿ ನಮ್ಮ ಸಭೆಯ ಪದ್ಧತಿಯನ್ನು ದಾಖಲಿಸುವುದು ಅಗತ್ಯ. ಮೊದಲ ಕರೆಗೆ ಅರ್ಧಕ್ಕಿಂತ ಹೆಚ್ಚು ಸದಸ್ಯರು ಹಾಜರಿರತಕ್ಕದ್ದು. ಇಲ್ಲದಿದ್ದಲ್ಲಿ ಅರ್ಧ ಗಂಟೆ ಬಿಟ್ಟು ಎರಡನೇ ಕರೆ ಕೂಗತಕ್ಕದ್ದು; ಆಗ ಎಷ್ಟು ಮಂದಿ ಇದ್ದರೆ ಅಷ್ಟೇ ಕೋರಂ. ನಮಗೆ ನೆನಪಿರುವ ಮಟ್ಟಿಗೆ ಮೊದಲ ಕರೆಗೆ ಯಾರೂ ಬಂದದ್ದಿಲ್ಲ. ಒಮ್ಮೆ ಹೊಸದಾಗಿ ಬಂದ ಡಾಕ್ಟರು ತಿಳಿಯದೆ ಬಂದು ಕೂತಿದ್ದರು. ಪಾಪ, ಮನೆಯಲ್ಲಿ ಏನು ಕಷ್ಟವೋ ಎಂದು ಊರು ಮರುಗಿತು. ಮೊದಲ ಕರೆಗೆ ಹೋಗುವುದೆಂದರೆ ಒಲೆ ಹೊತ್ತಿಸುವ ಮೊದಲೇ ಮದುವೆಮನೆಯಲ್ಲಿ ಎಲೆ ಮುಂದೆ ಕೂತಂತೆ. ಮೇಲಾಗಿ ಗರಿಗರಿ ತೋಸ್ತಾದ, ತೆಂಗಿನ ಹೊಂಬಾಳೆಯಿಂದ ಇಳಿಸಿದ ತಂಪು ತೂಬಾ, ಇವೆಲ್ಲ ಹಂಚುತ್ತಿದ್ದುದು ಎರಡನೇ ಕರೆಗೇ.

ತಂಡ ಆರಿಸುವ ಸಭೆಯಲ್ಲಿ ಪ್ರತಿಯೊಬ್ಬ ಸದಸ್ಯರೂ ಸ್ವಜನಪಕ್ಷಪಾತವನ್ನು ಉಗ್ರವಾಗಿ ಖಂಡಿಸಿ ಮಾತು ಆರಂಭಿಸಿದರು, ತಮ್ಮ ಅಕ್ಕನ ಮಗನ ಹೆಸರು ಸೂಚಿಸಿ ಮುಗಿಸಿದರು. ಮೊದಲ ವಾರ ಹತ್ತೊಂಬತ್ತು ಮಂದಿ ಆಯ್ಕೆಯಾದರು. ಹನ್ನೊಂದಕ್ಕಿಂತ ಹೆಚ್ಚು ಜನರನ್ನು ಬಿಡುವುದಿಲ್ಲವೆಂದು ರೆಫರಿ ಹಟ ಹಿಡಿದದ್ದನ್ನು ಹೊರಗಿನವರ ಹಸ್ತಕ್ಷೇಪವೆಂದು ಸಭೆ ಖಂಡಿಸಿತು. ಗೋಲ್‌ಕೀಪರನ ಸ್ಥಾನಕ್ಕೆ ಇಬ್ಬರಿಗೆ ಸಮ ಮತ ಬಿದ್ದುದರಿಂದ ಒಬ್ಬ ಮೊದಲರ್ಧಕ್ಕೂ ಇನ್ನೊಬ್ಬ ಉಳಿದರ್ಧಕ್ಕೂ ನಿಂತು, ತಾರತಮ್ಯವಿಲ್ಲದಂತೆ ತಲಾ ಮೂರು ಗೋಲು ಬಿಟ್ಟುಕೊಟ್ಟರು.

ಬಲಗಡೆ ಬ್ಯಾಕಿನ ವಿಷಯ ಬಂದಾಗಲೆಲ್ಲ ಸಭೆ ದೋನ್ ಫಿಲೆಮೋನ್ ಕಡೆ ತಿರುಗುತ್ತಿತ್ತು. ರೋಗ ಕಂಡುಹಿಡಿದವರು ಅವರೇ ತಾನೆ? ಆದರೆ ಎದುರಿಗೇ ರೊಸೆಂಡಾ ಕೂತಿರುತ್ತಿದ್ದಳು. ಕೈ ಎತ್ತಿದರೆ ಸಂಜೆಯ ಊಟಕ್ಕೆ ಸಂಚಕಾರ, ಎತ್ತದಿದ್ದರೆ ಸೋಮವಾರದ ಕುರ್ಚಿಗೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವರು ಕೆಮ್ಮುತ್ತ ಪಂಪು ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋಗುತ್ತಿದ್ದರು. ಆಕ್ಷೇಪ ಇಲ್ಲದ ಕಾರಣ ನಾಬೊರ್ ವಾರ ವಾರವೂ ಅವಿರೋಧವಾಗಿ ಆಯ್ಕೆಯಾದ. ಇಡೀ ತಂಡದಲ್ಲಿ ಅವನಷ್ಟು ಭದ್ರವಾದ ಸ್ಥಾನ ಇನ್ನೊಬ್ಬನಿಗೆ ಇರಲಿಲ್ಲ.

ನಾವು ಸೋಲುತ್ತ ಹೋದೆವು. ಸೋಲು ನಮಗೆ ಹೊಸದಲ್ಲ; ಹೊಸದಾಗಿದ್ದದ್ದು ಕ್ಷೌರದಂಗಡಿಯ ಮೌನ. ಬೈಯೋಣವೆಂದರೆ ಬೈಸಿಕೊಳ್ಳುವವರೇ ಇಲ್ಲ. ಕನ್ನಡಿ ನೋಡಿಕೊಂಡು ಬೈಯುವ ಅಭ್ಯಾಸ ನಮ್ಮವರಿಗೆ ಇಲ್ಲ. ಗಿರಾಕಿ ಕಡಿಮೆಯಾಗಿ ಕಾಸ್ತುಲೊನ ಹೊಟ್ಟೆಗೆ ತಣ್ಣೀರು ಬಟ್ಟೆ ಬಿತ್ತು. ಕೊನೆಗೆ ಅವನೇ ಒಂದು ನಿರ್ಣಯ ಮಂಡಿಸಿದ: ಆಯ್ಕೆಯ ಅಧಿಕಾರ ಸಭೆಯದು, ಸೋಲಿನ ಹೊಣೆ ಪ್ರೊಫೆಯವರದು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಪ್ರೊಫೆ ಕೇಳಿದ್ದು ಒಂದೇ ಪ್ರಶ್ನೆ: ಹೊಣೆಯ ಜೊತೆಗೆ ತೂಬಾ ಕೊಡುತ್ತೀರಾ? ಕೊಡುತ್ತೇವೆ ಎಂದೆವು. ಅಂದಿನಿಂದ ಅವರು ಬೆಂಚಿನಲ್ಲಿ ಕಾಲು ಚಾಚಿ ಕೂತು ಲೋಟದ ಮೇಲೆ ಲೋಟ ಇಳಿಸುತ್ತ ದಿನೇ ದಿನೇ ಎಳೆಯರಾಗುತ್ತ ಬಂದರು. ಅವರ ರಕ್ತದೊತ್ತಡ ಇಳಿದಿದೆಯೆಂದು ಡಾಕ್ಟರೇ ಎರಡನೇ ಕರೆಯಲ್ಲಿ ಪ್ರಕಟಿಸಿದರು.

ಹೀಗೆ ಋತುವಿನ ಕೊನೆಯ ಭಾನುವಾರ ಬಂತು. ಎದುರಾಳಿ ಎಲ್ ಪಾಲ್ಮಾರ್. ಆಟ ಸಮವಾದರೆ ಸಾಕು, ಮೂರನೇ ದರ್ಜೆಯ ಲೀಗಿನಲ್ಲಿ ಉಳಿಯುತ್ತೇವೆ. ಸೋತರೆ ಕೆಳಗೆ, ದನ ಮೇಯುವ ಬಯಲುಗಳಲ್ಲಿ ಆಡುವ ಲೀಗಿಗೆ. ನಾಬೊರ್‌ಗೆ ಅದು ಕೊನೆಯ ಆಟ, ಮೊಣಕಾಲು ಮುಗಿದಿತ್ತು. ತಂಡವನ್ನು ಉಳಿಸಿ ಬೂಟು ಬಿಚ್ಚಬೇಕೆಂದು ಅವನ ಆಸೆ. ರೊಸೆಂಡಾ ನಸುಕಿಗೇ ಎದ್ದು ಹಂದಿಮಾಂಸವನ್ನು ಒಣಮೆಣಸು, ತೆಂಗಿನ ಕಳ್ಳಿನ ಹುಳಿಯಲ್ಲಿ ಬೇಯಲಿಟ್ಟು ಬಂದಿದ್ದಳು. ಅವಳು ಅಪ್ಪನ ಪಕ್ಕದಲ್ಲೇ ಕೂತಿದ್ದಳು, ಮೈಗೆ ಗಂಡನ ನಂಬರಿನ ಅಂಗಿ ತೊಟ್ಟು.

ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಆದರೆ ವಿರಾಮದ ನಂತರ ಎಲ್ ಪಾಲ್ಮಾರ್ ಎಡಗಡೆಗೆ ಒಬ್ಬ ಸಣಕಲು ಹುಡುಗನನ್ನು ಇಳಿಸಿತು. ಅವನು ನಾಬೊರ್‌ನನ್ನು ಒಮ್ಮೆ ದಾಟಿದ, ಮತ್ತೊಮ್ಮೆ ದಾಟಿದ, ಮೂರನೇ ಸಲ ಸುತ್ತು ಹಾಕಿಕೊಂಡು ಬಂದು ಬೇಕೆಂದೇ ದಾಟಿದ. ನಾಬೊರ್ ಕುಂಟುತ್ತಿದ್ದ. ಬದಲಿ ಇಳಿಸಲು ಸಭೆಯ ಅಪ್ಪಣೆ ಬೇಕು. ತುರ್ತು ಸಭೆ ಕರೆಯುವ ಅಧಿಕಾರ ಇದ್ದದ್ದು ದೋನ್ ಫಿಲೆಮೋನ್ ಒಬ್ಬರಿಗೇ. ಇಡೀ ಗ್ಯಾಲರಿ ಅವರನ್ನೇ ನೋಡುತ್ತಿತ್ತು. ಅವರಿಗೆ ಕೆಮ್ಮು ಬಂತು. ಆದರೆ ಮೈದಾನದಲ್ಲಿ ಪಂಪು ಇರಲಿಲ್ಲ.

ಅವರು ಎದ್ದು ನಿಂತು ತುರ್ತು ಸಭೆ ಕರೆದರು. ಮಗಳ ಮುಖ ನೋಡಲಿಲ್ಲ.

ಕಾರ್ಯದರ್ಶಿ ಎಲಾಡಿಯೊ ಕುರ್ಚಿ ಹತ್ತಿ ಮೊದಲ ಕರೆ ಕೂಗಿದ: ಸದಸ್ಯರು ಯಾರಾದರೂ ಹಾಜರಿದ್ದೀರಾ? ಊರಿಗೆ ಊರೇ ಅಲ್ಲಿ ಕೂತಿತ್ತು. ಒಬ್ಬರೂ ಕೈ ಎತ್ತಲಿಲ್ಲ. ಮೊದಲ ಕರೆಗೆ ಹಾಜರಿರುವಷ್ಟು ಗತಿಗೆಟ್ಟವರು ನಮ್ಮಲ್ಲಿ ಯಾರಿದ್ದಾರೆ? ಕೋರಂ ಇಲ್ಲವೆಂದು ಎಲಾಡಿಯೊ ಘೋಷಿಸಿ ಗಡಿಯಾರ ನೋಡಿದ. ಆಟ ಮುಗಿಯಲು ಇಪ್ಪತ್ತೈದು ನಿಮಿಷವಿತ್ತು, ಎರಡನೇ ಕರೆಗೆ ಅರ್ಧ ಗಂಟೆ. ಈ ಲೆಕ್ಕದಲ್ಲಿ ಯಾರಿಗೂ ಏನೂ ತೊಂದರೆ ಕಾಣಿಸಲಿಲ್ಲ.

ಅನಧಿಕೃತ ಚರ್ಚೆ ಕೂಡಲೇ ಶುರುವಾಯಿತು. ಯಾರನ್ನು ಇಳಿಸಬೇಕು? ಕಾಸ್ತುಲೊ ವೇಗ ಬೇಕೆಂದ, ಪಾದ್ರಿಗಳು ತಾಳ್ಮೆ ಬೇಕೆಂದರು, ಸೂಲಗಿತ್ತಿ ತನ್ನ ಕೈಯಲ್ಲಿ ಹುಟ್ಟಿದವರ ಪೈಕಿ ಕಾಲು ಮೊದಲು ಬಂದವರು ಮೂವರೇ, ಅವರಲ್ಲೊಬ್ಬನನ್ನು ಆರಿಸಿ ಎಂದಳು. ಚರ್ಚೆ ಎಷ್ಟು ಉನ್ನತ ಮಟ್ಟದಲ್ಲಿತ್ತೆಂದರೆ ನಾವೆಲ್ಲ ಮೈದಾನಕ್ಕೆ ಬೆನ್ನು ಹಾಕಿದ್ದೆವು. ಗೋಲಾದದ್ದನ್ನು ನಾವು ನೋಡಲಿಲ್ಲ. ಎಲ್ ಪಾಲ್ಮಾರಿನ ಬಸ್ಸಿನವನು ಹಾರ್ನ್ ಹೊಡೆದಾಗ ತಿಳಿಯಿತು. ನಾಬೊರ್ ನೆಲದ ಮೇಲೆ ಕೂತು, ನನ್ನನ್ನು ಕರೆಸಿಕೊಳ್ಳಿ ಎಂದು ಕೈ ಎತ್ತಿದ. ಆಟಗಾರ ಸಂಘದ ಆಸ್ತಿಯಾದ್ದರಿಂದ ಅವನಿಗೆ ಮತವಿಲ್ಲವೆಂದು ಎಲಾಡಿಯೊ ನಯವಾಗಿ ತಿಳಿಸಿದ.

ರೆಫರಿ ಕೊನೆಯ ಸೀಟಿ ಊದಿದರು. ಎಲ್ ಪಾಲ್ಮಾರಿನವರು ಕುಣಿದು, ಸ್ನಾನ ಮುಗಿಸದೆಯೇ ಬಸ್ಸು ಹತ್ತಿದರು. ಆಮೇಲೆ ಅರ್ಧ ಗಂಟೆ ತುಂಬಿತು. ಎರಡನೇ ಕರೆಗೆ ಎಲ್ಲರೂ ಹಾಜರಾದೆವು. ತೋಸ್ತಾದ ಹಂಚಲಾಯಿತು. ನಾಬೊರ್‌ನನ್ನು ತೆಗೆದು ಬೆನಿಗ್ನೊ ಎಂಬ ರೊಟ್ಟಿಯಂಗಡಿಯವನನ್ನು ಇಳಿಸುವ ಸೂಚನೆ ಮಂಡನೆಯಾಯಿತು. ಅವನು ಯಾರಿಗೂ ಸಂಬಂಧಿಯಲ್ಲ ಎಂಬುದೇ ಅವನ ಅರ್ಹತೆ. ಕೈಗಳು ಒಂದೊಂದಾಗಿ ಮೇಲೆದ್ದವು. ಕಟ್ಟಕಡೆಗೆ ಒಂದು ಕೈ ಉಳಿಯಿತು. ನಾಬೊರ್ ಖಾಲಿ ಮೈದಾನದ ಬಲಗಡೆ, ತನ್ನ ಜಾಗದಲ್ಲೇ ನಿಂತು ನೋಡುತ್ತಿದ್ದ. ದೋನ್ ಫಿಲೆಮೋನ್‌ಗೆ ನಾಚಿಕೆಯಾಯಿತು. ಆದರೂ ಊರು ನೋಡುತ್ತಿತ್ತು. ಅವರು ಕೈ ಎತ್ತಿದರು.

ನಿರ್ಣಯವಾದ ಮೇಲೆ ಜಾರಿಯಾಗಲೇಬೇಕು. ನಾಬೊರ್ ಚಪ್ಪಾಳೆಯ ನಡುವೆ ಹೊರಗೆ ಬಂದ. ಬೆನಿಗ್ನೊ ಒಳಗೆ ಹೋಗಿ, ಚೆಂಡನ್ನು ಕಾಲಲ್ಲೇ ಉರುಳಿಸುತ್ತ ಆಚೆ ಬದಿಗೆ ನಡೆದು, ಯಾರ ಅಡ್ಡಿಯೂ ಇಲ್ಲದೆ ಎರಡನೇ ಪ್ರಯತ್ನಕ್ಕೆ ಗೋಲು ಹೊಡೆದ. ಗೋಲು ಸಿಂಧುವೆಂದು ಸಭೆ ಕೈ ಎತ್ತಿ ಒಪ್ಪಿತು. ಒಂದಕ್ಕೊಂದು, ಆಟ ಸಮ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಹೊರಗಿನವರು ಹಂಗಿಸಬಹುದು. ಬಾಗಿಲು ಸರಿಯಾಗಿ ಹಾಕಿದೆವೋ ಇಲ್ಲವೋ ಎಂಬುದಷ್ಟೇ ನಮ್ಮ ಪ್ರಶ್ನೆ.

ಮುಂದಿನ ವಾರ ಲೀಗಿನ ಅಧಿಕಾರಿಯೊಬ್ಬರು ಟೈ ಕಟ್ಟಿಕೊಂಡು ಬಂದರು, ನಾವು ಕೆಳಗಿನ ಲೀಗಿಗೆ ಇಳಿದಿದ್ದೇವೆಂದು ತಿಳಿಸಲು. ಎಲಾಡಿಯೊ ಅವರನ್ನು ಮರ್ಯಾದೆಯಿಂದ ಮೊದಲ ಕರೆಗೆ ಕೂರಿಸಿದ. ಅವರು ಖಾಲಿ ಕುರ್ಚಿಗಳಿಗೆ ವಿಷಯ ತಿಳಿಸಿದರು. ಎರಡನೇ ಕರೆಯ ಹೊತ್ತಿಗೆ ಅವರ ಬಸ್ಸು ಹೊರಟಿತ್ತು. ಆದ್ದರಿಂದ ನಾವು ಇಳಿದಿರುವುದು ನಮಗೆ ಅಧಿಕೃತವಾಗಿ ತಿಳಿದಿಲ್ಲ. ಕ್ಷೌರದಂಗಡಿ ಮತ್ತೆ ತುಂಬಿತು. ಬದಲಿ ಆಟಗಾರನನ್ನು ಹೊತ್ತಿಗೆ ಸರಿಯಾಗಿ ಇಳಿಸದೆ ಇದ್ದದ್ದು ಪ್ರೊಫೆಯವರ ಘೋರ ತಪ್ಪೆಂದು ಎಲ್ಲರೂ ಒಪ್ಪಿದೆವು. ಪ್ರೊಫೆ ಕೂಡ ಒಪ್ಪಿ, ಇನ್ನೊಂದು ಲೋಟ ಕೇಳಿದರು.

ಅಧಿಕೃತ ಭಾಗ ಇಲ್ಲಿಗೆ ಮುಗಿಯಿತು. ಉಳಿದದ್ದು ಆ ಭಾನುವಾರದ ಸಂಜೆಯದು.

ಮೈದಾನದಿಂದ ಮನೆಗೆ ಮಾವ ಅಳಿಯ ಜೊತೆಯಾಗಿಯೇ ನಡೆದರು; ರೊಸೆಂಡಾ ಮೊದಲೇ ಹೋಗಿದ್ದಳು. ನಾಬೊರ್ ಬೂಟುಗಳನ್ನು ಹೆಗಲ ಮೇಲೆ ಹಾಕಿಕೊಂಡಿದ್ದ. ಬಾಗಿಲ ಹತ್ತಿರ ಬಂದಾಗ ಹೇಳಿದ:

"ಬಾವುಟದ ಮಾತು ನಂಗೆ ಮೊದಲಿಂದ್ಲೂ ಗೊತ್ತಿತ್ತು ಮಾವ. ಅಂಗಡೀಲಿ ಹೇಳಿದ್ದನ್ನ ಮನೇಲಿ ಒಂದೇ ಒಂದು ಸಲ ಹೇಳಿದ್ರೆ, ನಾನೇ ಬಿಟ್ಟುಬಿಡ್ತಿದ್ದೆ. ತಂಡ ಉಳಿಯೋದು."

ದೋನ್ ಫಿಲೆಮೋನ್ ಬಾಗಿಲು ತಳ್ಳಿ ಒಳಗೆ ಹೋದರು. ಒಳಗೆ ಮಾಂಸ ಬೆಂದ ಘಮ ತುಂಬಿತ್ತು. ಅವರು ತಮ್ಮ ಕುರ್ಚಿ ಎಳೆದು ಕೂತರು. ರೊಸೆಂಡಾ ಗಂಡನ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೆ ಬಡಿಸಿಕೊಂಡಳು. ಅಪ್ಪನ ತಟ್ಟೆ ಬೋರಲಾಗಿಯೇ ಇತ್ತು.

"ರೊಸೆಂಡಾ," ಎಂದರು ಅವರು.

"ಇದು ಮೊದಲನೇ ಕರೆ ಅಪ್ಪ," ಎಂದಳು ಅವಳು, ತಲೆ ಎತ್ತದೆ. "ನೀವಿನ್ನೂ ಬಂದಿಲ್ಲ."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದನ್ನು ಉಪ್ಪು ತೆಗೆಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೋನ್ ಫಿಲೆಮೋನ್ ಕೈ ಕಟ್ಟಿ ಕೂತು, ತಮ್ಮೆದುರೇ ಗಂಡ ಹೆಂಡತಿ ಉಂಡು ಮುಗಿಸುವುದನ್ನು ಗೈರುಹಾಜರಾಗಿ ನೋಡಿದರು. ಅರ್ಧ ಗಂಟೆ ತುಂಬಿದ ಮೇಲೆ ರೊಸೆಂಡಾ ಪಾತ್ರೆಯ ತಳದ ಸಾರನ್ನೂ ಎರಡು ಟೋರ್ತಿಯಾ ರೊಟ್ಟಿಯನ್ನೂ ತಂದು, ಯಾರಿದ್ದೀರಿ ಎಂದು ಕೂಗಿದಳು.

ದೋನ್ ಫಿಲೆಮೋನ್ ಕೈ ಎತ್ತಿದರು.

"ಕೋರಂ ಇದೆ," ಎಂದು ಮಗಳು ತಟ್ಟೆ ಮಗುಚಿದಳು. ಈಗಲೂ ಆ ಮನೆಯಲ್ಲಿ ಅದೇ ಪದ್ಧತಿ ನಡೆದುಕೊಂಡು ಬಂದಿದೆ.