ನಮ್ಮ ಭಾವನ ರಿಕ್ರೂಟರುಗಳು

ನಮ್ಮ ಭಾವನಿಗೆ ಕೆಲಸವಿಲ್ಲ. ಆದರೆ ಅವರಷ್ಟು ಬಿಡುವಿಲ್ಲದ ಮನುಷ್ಯನನ್ನು ಇಡೀ ಜೆ.ಪಿ. ನಗರದಲ್ಲಿ ಯಾರಾದರೂ ಹುಡುಕಿ ತೋರಿಸಲಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ!

ಹೋದ ವರ್ಷದವರೆಗೂ ಅವರು ಒಂದು ಸಾಫ್ಟ್‌ವೇರ್ ಕಂಪನಿಯ ಡೇಟಾಬೇಸುಗಳನ್ನು ಹಗಲಿರುಳು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಕಂಪನಿಯವರು, ಇನ್ನು ಮೇಲೆ ತಾವೇ ಕಾದುಕೊಳ್ಳುವುದಾಗಿ ಹೇಳಿ ಕೈಮುಗಿದರು. ಐವತ್ತರ ಹೊಸ್ತಿಲಿನ ವಯಸ್ಸು, ಪಿಯುಸಿ ಓದುತ್ತಿರುವ ಮಗಳು. ನಾನಾಗಿದ್ದರೆ ಮುಸುಕು ಹೊದ್ದು ಮಲಗುತ್ತಿದ್ದೆ. ಭಾವ ಏನು ಮಾಡಿದರು ಗೊತ್ತೇ? ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರಟು ತೊಟ್ಟು, ಕೆಳಗೆ ಮಾತ್ರ ಪಂಚೆಯನ್ನೇ ಉಳಿಸಿಕೊಂಡು, ಊಟದ ಮೇಜಿನ ಮುಂದೆ ಕೂತು, ಕೆಲಸ ಹುಡುಕುವ ಜಾಲತಾಣಗಳಿಗೆಲ್ಲ ತಮ್ಮ ಬಯೋಡೇಟಾ ಹಂಚಿಬಿಟ್ಟರು. ಮಧ್ಯಾಹ್ನದಿಂದ ರಿಕ್ರೂಟರುಗಳ ಫೋನು ಶುರುವಾಯಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ರಿಕ್ರೂಟರೆಂದರೆ ಕಂಪನಿಗಳಿಗೆ ಆಳು ಹುಡುಕಿಕೊಡುವವರು. ಮೊದಲ ದಿನ, ನಿಮ್ಮನ್ನು ಬಿಟ್ಟರೆ ಆ ಕೆಲಸಕ್ಕೆ ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎಂಬಂತೆ ಮಾತಾಡುತ್ತಾರೆ. ಎರಡನೆಯ ದಿನ, "ಪ್ರೊಫೈಲ್ ಕಳಿಸಿದೀನಿ ಸರ್" ಎನ್ನುತ್ತಾರೆ. ಮೂರನೆಯ ದಿನದಿಂದ ಮಂಗಮಾಯ! ಕೆಲಸ ಆಯಿತೆಂದು ಹೇಳಲು ಫೋನು ಬರುತ್ತದೆಯೇ ಹೊರತು ಆಗಲಿಲ್ಲವೆಂದು ಹೇಳಲು ಯಾರು ತಾನೇ ಮಾಡುತ್ತಾರೆ? ಹೀಗಾಗಿ ಉಳಿದವರೆಲ್ಲ ರಿಕ್ರೂಟರುಗಳನ್ನು ಬೈಯುತ್ತಾರೆ. ನಮ್ಮ ಭಾವ ಅವರನ್ನು ಉಪಚರಿಸುತ್ತಾರೆ!

"ಫೋನ್ ಮಾಡ್ದೋರು ಅಂದ್ರೆ ಮನೆಗೆ ಬಂದೋರ ಹಾಗೇ ಕಣಯ್ಯ," ಎಂದು ನನಗೇ ಪಾಠ.

ಯಾವಾಗ ಕೆಲಸಕ್ಕೆ ಸೇರಬಲ್ಲಿರಿ ಎಂದು ಒಬ್ಬಳು ಕೇಳಿದಳು. "ಚಪ್ಪಲಿ ಮೆಟ್ಕೊಳ್ಳೋಷ್ಟು ಹೊತ್ತು ಕೊಡಮ್ಮ, ಸಾಕು," ಎಂದರು. ಇನ್ನೊಬ್ಬ, ಇವರಿಗೆ ಗಂಧಗಾಳಿಯಿಲ್ಲದ ಯಾವುದೋ ಮೊಬೈಲ್ ಆ್ಯಪಿನ ಕೆಲಸ ಹಿಡಿದುಕೊಂಡು ಬಂದ. ಭಾವ ಫೋನಿಟ್ಟರೇ? ಉಂಟೇ! ಏನು ಕಲಿತಿರಬೇಕು, ಎಷ್ಟು ವರ್ಷ ಅನುಭವ ಬೇಕು ಎಂದೆಲ್ಲ ವಿಚಾರಿಸಿ, "ಇದು ನಂಗಾಗಲ್ಲ ಮರೀ. ಆದ್ರೆ ಒಂದ್ನಿಮಿಷ ತಡಿ," ಎಂದು ಕತ್ರಿಗುಪ್ಪೆಯ ತರಕಾರಿ ಅಂಗಡಿಯವರ ಮಗನ ನಂಬರು ಕೊಟ್ಟರು. ಅವನಿಗೆ ಕೆಲಸ ಸಿಕ್ಕೇಬಿಟ್ಟಿತು! ಆಮೇಲೆ ಮಹಡಿ ಮನೆಯ ಬಾಡಿಗೆಯವರಿಗೆ, ಅವರ ನಾದಿನಿಗೆ... ಪಾರ್ಕಿನಲ್ಲಿ ಜನ ನನ್ನನ್ನು ತಡೆದು, "ನಿಮ್ಮ ಭಾವಂಗೆ ಒಂದ್ಮಾತು ಹೇಳಿ ಸಾರ್," ಎನ್ನತೊಡಗಿದರು.

ಅಕ್ಕ ಒಂದು ದಿನ ತಿಂಡಿಯ ತಟ್ಟೆ ಕುಕ್ಕಿದಳು. "ರೀ, ಊರಿಗೆಲ್ಲಾ ಕೆಲಸ ಕೊಡಿಸ್ತಿದೀರ. ನಮ್ಮನೇಲೂ ಒಬ್ರು ಖಾಲಿ ಕೂತಿದಾರೆ. ಪಾಪ, ಒಳ್ಳೆಯವರು. ಅವರದ್ದೂ ಸ್ವಲ್ಪ ನೋಡಿ!"

"ಬಯೋಡೇಟಾ ಕಳಿಸೋಕೆ ಹೇಳೇ, ನೋಡೋಣ," ಎಂದರು ಭಾವ, ದೋಸೆ ಮುರಿಯುತ್ತ.

ಇವರ ಪರಮಶಿಷ್ಯೆಯೊಬ್ಬಳ ವಿಷಯ ಹೇಳಲೇಬೇಕು. ತುಮಕೂರಿನ ಹುಡುಗಿ, ಬಿಟಿಎಂ ಲೇಔಟಿನ ಯಾವುದೋ ಸಣ್ಣ ಏಜೆನ್ಸಿಗೆ ಹೊಸದಾಗಿ ಸೇರಿದ್ದಳು. ಭಾವನಿಗೆ ಫೋನು ಮಾಡಿ, ಯಾರೋ ಬರೆದುಕೊಟ್ಟ ಪ್ರಶ್ನೆಗಳನ್ನು ನಡುಗುತ್ತ ಓದಿದಳು. ಭಾವ ಉತ್ತರ ಹೇಳುವ ಬದಲು ಪ್ರಶ್ನೆಗಳನ್ನೇ ತಿದ್ದಿದರು! "ಡೇಟಾಬೇಸ್‌ನೋರನ್ನ ಹಿಂಗೆ ಕೇಳಿದ್ರೆ ಎಲ್ರೂ ಪುಸ್ತಕ ಒಪ್ಪಿಸ್ತಾರಮ್ಮ. ಎಲ್ಲಾ ಕೆಟ್ಟು ಕೂತಾಗ ಮೊದಲು ಯಾವ ಕಡೆ ನೋಡ್ತೀರಿ ಅಂತ ಕೇಳು. ಸುಳ್ಳು ಹೇಳೋನು ಅಲ್ಲೇ ಸಿಕ್ಕಿಬೀಳ್ತಾನೆ."

ಒಂದು ವಾರ ಪಾಠ ನಡೆಯಿತು. ಆಮೇಲೆ ಅವಳು ಆ ಪ್ರಶ್ನೆಗಳಲ್ಲೇ ಗುರುಗಳನ್ನು ಪರೀಕ್ಷಿಸಿದಳು. ಕೊನೆಯದರಲ್ಲಿ ಗುರುಗಳು ತಡವರಿಸಿದರು.

"ಸರ್, ಇದಕ್ಕೆ ಅರ್ಧ ಮಾರ್ಕ್ಸ್ ಅಷ್ಟೇ."

"ಭೇಷ್! ಕಲಿತ್ಬಿಟ್ಟೆ ನೀನು!" ಭಾವ ಪಂಚೆ ಎತ್ತಿಕಟ್ಟಿ ಮನೆತುಂಬ ಓಡಾಡಿದರು. ತಾನು ಫೇಲಾಗಿದ್ದಕ್ಕೆ ಇಷ್ಟು ಸಂಭ್ರಮಪಟ್ಟ ಅಭ್ಯರ್ಥಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅದೇ ಹುಡುಗಿ ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಗೆ ಭಾವನ ಹೆಸರು ಕಳಿಸಿದಳು. ಮೊದಲ ಸಂದರ್ಶನ ಆಯಿತು, ಎರಡನೆಯದೂ ಆಯಿತು, ದೊಡ್ಡ ಸಾಹೇಬರ ಜೊತೆಗಿನದೂ ಮುಗಿಯಿತು. "ಸರ್, ತುಂಬಾ ಇಷ್ಟಪಟ್ಟಿದಾರೆ," ಎಂದಳು. ಅಂದಿನಿಂದ ಅಕ್ಕ ಬಟ್ಟೆ ಒಣಹಾಕಲು ಮಹಡಿಗೆ ಹೋದರೂ ಭಾವನ ಫೋನು ಅವಳ ಸೊಂಟದಲ್ಲಿ! ಅವರು ಕೆಳಗೆ ಸ್ನಾನಕ್ಕೆ ಹೋಗಿದ್ದಾಗ ಕರೆ ಬಂದುಬಿಟ್ಟರೆ?

ಕರೆ ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೂ ಒಂದು ಕಳೆಯಿತು. ಊರಿನವರಿಗೆಲ್ಲ ಫೋನು ಮಾಡುವ ಭಾವ ಅವಳಿಗೆ ಮಾತ್ರ ಮಾಡಲಿಲ್ಲ.

"ಒಂದ್ಸಲ ಕೇಳಬಾರದಾ ಭಾವ?" ಎಂದೆ.

"ಬೇಡ ಕಣಯ್ಯ. ನಾನು ಕೇಳಿದ್ರೆ, ಆ ಮಗು ಹೇಳಬೇಕಾಗತ್ತೆ."



ಶನಿವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಒಬ್ಬಳು ಸಣಕಲು ಹುಡುಗಿ, ಕೈಯಲ್ಲಿ ಹೆಲ್ಮೆಟ್ಟು. ಬಯೋಡೇಟಾದಲ್ಲಿದ್ದ ವಿಳಾಸ ಹಿಡಿದು ಬಂದಿದ್ದಳು. "ಸರ್..." ಎಂದದ್ದೇ ತಡ, ಮುಖವನ್ನೇ ನೋಡಿರದ ಭಾವ ದನಿಯಿಂದಲೇ ಗುರುತು ಹಿಡಿದು ಎದ್ದು ನಿಂತರು.

"ಆಗ್ಲಿಲ್ಲ ಸರ್," ಎಂದಳು. "ಚಿಕ್ಕ ವಯಸ್ಸಿನೋರೇ ಬೇಕಂತೆ. ಮೆಸೇಜ್ ಬರೆದೂ ಬರೆದೂ ಅಳಿಸಿದೆ. ಫೋನಲ್ಲಿ ಹೇಳೋಕೆ ಬಾಯಿ ಬರ್ಲಿಲ್ಲ."

ಆಗಲಿಲ್ಲ ಎಂಬ ಒಂದು ಮಾತು ಹೇಳಲು ಬಿಟಿಎಂನಿಂದ ಆ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸಿಕೊಂಡು ಮನೆಬಾಗಿಲಿಗೆ ಬಂದ ರಿಕ್ರೂಟರು! ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಭಾವ ಏನಾದರೂ ತಮಾಷೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ಅವಳ ಕೈಯಿಂದ ಹೆಲ್ಮೆಟ್ಟು ಇಸಿದುಕೊಂಡು ಮೇಜಿನ ಮೇಲಿಟ್ಟರು, ಅಷ್ಟೇ.

ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಬಿಸಿಲಲ್ಲಿ ಬಂದಿದೀಯ. ಒಳಗೆ ಬಾ ಮಗು, ಹುಳಿ ಅನ್ನ ಇದೆ," ಎಂದಳು.

ಆ ಹುಡುಗಿ ತಲೆ ತಗ್ಗಿಸಿ ಉಂಡಳು. ಭಾವ ಎದುರಿಗೆ ಕೂತು ಮೊಸರಿನ ಪಾತ್ರೆಯನ್ನು ಅವಳತ್ತ ಸರಿಸಿದರು. "ಹೇಳೋದು ಬಹಳ ಕಷ್ಟ ಆಯ್ತೇನಮ್ಮ?" ಎಂದು ಮೆತ್ತಗೆ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅಕ್ಕ ಇನ್ನೊಂದು ಸೌಟು ಬಡಿಸಿದಳು.

"ನಾಳೆ ಫೋನ್ ಮಾಡ್ತೀನಿ ಸರ್," ಎಂದು ಹೇಳಿ ಹೊರಟಳು. ಎಲ್ಲ ರಿಕ್ರೂಟರುಗಳೂ ಹೇಳುವ ಮಾತೇ.

ಮರುದಿನ ಭಾನುವಾರ, ಯಾವ ಆಫೀಸೂ ಇರುವುದಿಲ್ಲ. ನಾವು ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. ಯಾವ ಕೆಲಸವೂ ಇರಲಿಲ್ಲವಂತೆ. ಸುಮ್ಮನೆ ಮಾಡಿದ್ದಳು.